ಮೇರಿ ಕ್ಯೂರಿ

ಮೇರಿ ಕ್ಯೂರಿ (ನವೆಂಬರ್ ೭, ೧೮೬೭ – ಜುಲೈ ೪, ೧೯೩೪) ಪೋಲೆಂಡಿನಲ್ಲಿ ಜನಿಸಿ ಫ್ರಾನ್ಸಿನಲ್ಲಿ ನೆಲೆಸಿದ ಭೌತವಿಜ್ಞಾನಿ ಮತ್ತು ರಸಾಯನವಿಜ್ಞಾನಿ. ಪೊಲೋನಿಯಂ ಮತ್ತು ರೇಡಿಯಂ ಎಂಬ ಮೂಲವಸ್ತುಗಳನ್ನು ಪತಿ ಪಿಯರ್ ಕ್ಯೂರಿಯವರೊಡನೆ ಕಂಡುಹಿಡಿದರು. ೧೯೦೩ರಲ್ಲಿ ಭೌತವಿಜ್ಞಾನದ, ೧೯೧೧ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಪಡೆದರು. ಎರಡು ಬೇರೆ ಬೇರೆ ವಿಜ್ಞಾನಗಳಲ್ಲಿ ನೊಬೆಲ್ ಪಡೆದವರು ಇಂದಿಗೂ ಇವರೊಬ್ಬರೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇವರು ರಣರಂಗದ ಆಸ್ಪತ್ರೆಗಳಿಗೆ ಕ್ಷ-ಕಿರಣ ಉಪಕರಣಗಳನ್ನು ಒದಗಿಸಿದರಲ್ಲದೆ, ಅವುಗಳನ್ನು ನಡೆಸಬಲ್ಲ ಸುಮಾರು ೧೫೦ ಮಹಿಳೆಯರಿಗೆ ತರಬೇತಿ ನೀಡಿದರು. ರೇಡಿಯಂನ ಕಥೆಯ ಮುಂದೆ ಈ ಕೆಲಸ ಬಹಳ ಕಾಲ ಮಸುಕಾಗಿಯೇ ಉಳಿಯಿತು. ಇಂದಿನ ರೇಡಿಯೋಗ್ರಫಿ ವಿದ್ಯಾರ್ಥಿಗಳಿಗಾದರೋ ಇವರ ಜೀವನದ ಅತ್ಯಂತ ಹತ್ತಿರದ ಅಧ್ಯಾಯ ಅದೇ ಆಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮರಿಯಾ ಸ್ಕ್ಲೊಡೋವ್ಸ್ಕಾ ಎಂಬುದು ಇವರ ಹುಟ್ಟುಹೆಸರು. ವಾರ್ಸಾ ನಗರದಲ್ಲಿ ಐವರು ಮಕ್ಕಳಲ್ಲಿ ಕೊನೆಯವರಾಗಿ ಜನಿಸಿದರು. ತಂದೆ ವ್ಲಾದಿಸ್ಲಾವ್ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ತಾಯಿ ಬ್ರೊನಿಸ್ಲಾವಾ ಹೆಣ್ಣುಮಕ್ಕಳ ವಸತಿಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಗಳಲ್ಲಿ ಪೋಲಿಷ್ ಭಾಷೆಗೂ ಪೋಲಿಷ್ ಇತಿಹಾಸಕ್ಕೂ ಕಡಿವಾಣ ಬಿದ್ದಿತ್ತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ಸ್‌ಪೆಕ್ಟರ್ ಬಂದಾಗ ಇನ್ನೊಂದು ಭಾಷೆ ಎಂಬ ವಾತಾವರಣದಲ್ಲಿ ಮಕ್ಕಳು ಬೆಳೆದರು. ಹಿರಿಯಕ್ಕ ಜೋಫಿಯಾ ಟೈಫಸ್ ಜ್ವರದಿಂದ ತೀರಿಕೊಂಡರು. ೧೮೭೮ರಲ್ಲಿ ತಾಯಿಯೂ ಕ್ಷಯರೋಗಕ್ಕೆ ಬಲಿಯಾದರು. ಆಗ ಮರಿಯಾಳಿಗೆ ಹತ್ತು ವರ್ಷ.

೧೮೮೩ರಲ್ಲಿ ಚಿನ್ನದ ಪದಕದೊಂದಿಗೆ ಪ್ರೌಢಶಿಕ್ಷಣ ಮುಗಿಯಿತು. ಆದರೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಲು ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತಾ ನಡೆಯುತ್ತಿದ್ದ, ಜನರು ಹಾರುವ ವಿಶ್ವವಿದ್ಯಾಲಯವೆಂದು ಕರೆಯುತ್ತಿದ್ದ ಗುಪ್ತ ತರಗತಿಗಳಲ್ಲಿ ಮರಿಯಾ ಓದು ಮುಂದುವರಿಸಿದರು. ಅಕ್ಕ ಬ್ರೋನ್ಯಾ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಓದುವಾಗ ತಂಗಿ ದುಡಿದು ಹಣ ಕಳುಹಿಸುವುದು, ಅನಂತರ ಅಕ್ಕ ತಂಗಿಯನ್ನು ಓದಿಸುವುದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಅದರಂತೆ ಮರಿಯಾ ಸಿರಿವಂತರ ಮನೆಗಳಲ್ಲಿ ಮಕ್ಕಳ ಪಾಠದ ಕೆಲಸಕ್ಕೆ ಸೇರಿದರು. ಶುಕಿ ಎಂಬ ಹಳ್ಳಿಯಲ್ಲಿದ್ದಾಗ, ಬಿಡುವಿನ ವೇಳೆಯಲ್ಲಿ ಅಲ್ಲಿನ ರೈತರ ಮಕ್ಕಳಿಗೆ ಪೋಲಿಷ್ ಓದುಬರಹ ಕಲಿಸಿದರು. ಸರ್ಕಾರದ ಕಣ್ಣಿಗೆ ಬಿದ್ದಿದ್ದರೆ ಅದು ಶಿಕ್ಷಾರ್ಹ ಅಪರಾಧ. ಕಲಿಯಲು ಅವಕಾಶವಿಲ್ಲದವರಿಗೆ ಸಿಕ್ಕ ಜಾಗದಲ್ಲೇ ಕಲಿಸುವ ಈ ಅಭ್ಯಾಸ ಮೂವತ್ತು ವರ್ಷಗಳ ಅನಂತರ ಬೇರೊಂದು ರೂಪದಲ್ಲಿ ಮರಳಿ ಬಂದಿತು.

೧೮೯೧ರಲ್ಲಿ ಪ್ಯಾರಿಸ್ ತಲುಪಿ ಸೊರ್ಬೊನ್ ವಿಶ್ವವಿದ್ಯಾಲಯ ಸೇರಿದರು. ೧೮೯೩ರಲ್ಲಿ ಭೌತವಿಜ್ಞಾನದ ಪದವಿಯಲ್ಲಿ ಮೊದಲ ಸ್ಥಾನ, ೧೮೯೪ರಲ್ಲಿ ಗಣಿತದ ಪದವಿಯಲ್ಲಿ ಎರಡನೆಯ ಸ್ಥಾನ ಗಳಿಸಿದರು. ಅದೇ ವರ್ಷ ಪಿಯರ್ ಕ್ಯೂರಿಯವರ ಪರಿಚಯವಾಯಿತು. ಜುಲೈ ೧೮೯೫ರಲ್ಲಿ ಇಬ್ಬರೂ ಆಡಂಬರವಿಲ್ಲದೆ ವಿವಾಹವಾಗಿ, ಸೈಕಲ್ಲುಗಳನ್ನೇರಿ ಪ್ರವಾಸಕ್ಕೆ ಹೊರಟರು. ಹಿರಿಯ ಮಗಳು ಐರೀನ್ ೧೮೯೭ರಲ್ಲಿ, ಕಿರಿಯವಳು ಈವ್ ೧೯೦೪ರಲ್ಲಿ ಜನಿಸಿದರು.

ಸಂಶೋಧನೆ

ಇವರ ವಿವಾಹವಾದ ವರ್ಷದ ನವೆಂಬರ್‌ನಲ್ಲೇ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮರುವರ್ಷ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣಗಳು ತಾವಾಗಿಯೇ ಕಿರಣಗಳನ್ನು ಹೊರಸೂಸುವುದನ್ನು ಗಮನಿಸಿದರು. ಜಗತ್ತಿನ ಗಮನವೆಲ್ಲ ರಾಂಟ್ಜೆನ್ ಕಿರಣಗಳ ಕಡೆಗಿದ್ದಾಗ ಮೇರಿ ಬೆಕೆರೆಲ್ ಕಿರಣಗಳನ್ನು ತಮ್ಮ ಡಾಕ್ಟರೇಟ್ ಅಧ್ಯಯನಕ್ಕೆ ಆರಿಸಿಕೊಂಡರು. ಪಿಚ್‌ಬ್ಲೆಂಡ್ ಎಂಬ ಅದಿರು ಅದರಲ್ಲಿರುವ ಯುರೇನಿಯಂಗೆ ಹೋಲಿಸಿದರೆ ಹೆಚ್ಚು ತೀವ್ರವಾಗಿ ಕಿರಣ ಹೊರಸೂಸುತ್ತಿತ್ತು. ಹಾಗಾದರೆ ಅದರಲ್ಲಿ ಬೇರಾವುದೋ ಅಪರಿಚಿತ ವಸ್ತುವಿರಬೇಕೆಂಬ ತರ್ಕದಿಂದ ಹೊರಟ ದಂಪತಿಗಳು ೧೮೯೮ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ ಇರುವುದನ್ನು ಪ್ರಕಟಿಸಿದರು. ಮೊದಲನೆಯದಕ್ಕೆ ಭೂಪಟದಲ್ಲಿ ಸ್ವತಂತ್ರ ದೇಶವಾಗಿ ಇಲ್ಲದಿದ್ದ ಪೋಲೆಂಡಿನ ಹೆಸರನ್ನಿಟ್ಟರು. ವಿಕಿರಣಶೀಲತೆಗೆ ಇಂದು ಜಗತ್ತು ಬಳಸುವ ಫ್ರೆಂಚ್ ಮೂಲದ ಪದವೂ ಇವರದೇ ಸೃಷ್ಟಿ.

ಸೋರುವ ಚಾವಣಿಯ ಕೊಟ್ಟಿಗೆಯೊಂದರಲ್ಲಿ ಟನ್ನುಗಟ್ಟಲೆ ಅದಿರಿನ ಗಸಿಯನ್ನು ಕುದಿಸಿ, ಸೋಸಿ, ಹರಳುಗಟ್ಟಿಸಿ ೧೯೦೨ರ ಹೊತ್ತಿಗೆ ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಶುದ್ಧ ರೇಡಿಯಂ ಲವಣ ಪಡೆದರು. ತಯಾರಿಕೆಯ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ೧೯೦೩ರ ಭೌತವಿಜ್ಞಾನದ ನೊಬೆಲ್ ಬೆಕೆರೆಲ್ ಮತ್ತು ಕ್ಯೂರಿ ದಂಪತಿಗಳಿಗೆ ಸಂದಿತು. ೧೯೦೬ರ ಏಪ್ರಿಲ್ ೧೯ರಂದು ಪ್ಯಾರಿಸ್ಸಿನ ರಸ್ತೆಯಲ್ಲಿ ಕುದುರೆಗಾಡಿಗೆ ಸಿಕ್ಕಿ ಪಿಯರ್ ಮೃತಪಟ್ಟರು. ಅವರ ಸ್ಥಾನವನ್ನು ಮೇರಿಗೆ ನೀಡಲಾಯಿತು. ಸೊರ್ಬೊನ್‌ನಲ್ಲಿ ಬೋಧಿಸಿದ ಮೊದಲ ಮಹಿಳೆ ಇವರು. ೧೯೧೧ರ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅಲ್ಪ ಮತಗಳ ಅಂತರದಿಂದ ಇವರಿಗೆ ಸದಸ್ಯತ್ವ ನಿರಾಕರಿಸಿತು. ಅದೇ ವರ್ಷದ ಕೊನೆಗೆ, ಖಾಸಗಿ ಜೀವನವನ್ನು ಪತ್ರಿಕೆಗಳು ಬೀದಿಗೆಳೆಯುತ್ತಿದ್ದ ದಿನಗಳಲ್ಲೇ, ಎರಡನೆಯ ನೊಬೆಲ್ ಬಂದಿತು.

ಯುದ್ಧ ಮತ್ತು ಕ್ಷ-ಕಿರಣ ವಾಹನಗಳು

೧೯೧೪ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕಟ್ಟಡ ಪೂರ್ಣಗೊಂಡಿತು. ಆಗಸ್ಟ್‌ನಲ್ಲಿ ಯುದ್ಧ ಆರಂಭವಾಯಿತು. ಸಂಸ್ಥೆಯ ಸಿಬ್ಬಂದಿಯೆಲ್ಲ ಸೈನ್ಯಕ್ಕೆ ಸೇರಿದರು. ಹೃದಯದ ತೊಂದರೆಯಿದ್ದ ಒಬ್ಬ ಯಂತ್ರಕರ್ಮಿ ಮಾತ್ರ ಉಳಿದರು. ಶತ್ರುಸೇನೆ ಪ್ಯಾರಿಸ್ಸನ್ನು ಸಮೀಪಿಸಿದಾಗ ಮೇರಿ ದೇಶದ ಅಮೂಲ್ಯ ರೇಡಿಯಂ ದಾಸ್ತಾನನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ತಾವೇ ಕೊಂಡೊಯ್ದು ಬೋರ್ಡೋ ನಗರದಲ್ಲಿ ಭದ್ರಪಡಿಸಿ ಕೂಡಲೇ ಹಿಂದಿರುಗಿದರು.

ಗುಂಡು ಮತ್ತು ಸಿಡಿಗುಂಡಿನ ಚೂರುಗಳು ದೇಹದಲ್ಲಿ ಎಲ್ಲಿ ಹುದುಗಿವೆಯೆಂದು ತಿಳಿಯದೆ ಶಸ್ತ್ರವೈದ್ಯರು ಗಾಯವನ್ನು ಕೆದಕಿ ಹುಡುಕಬೇಕಾಗಿತ್ತು. ಆಗ ಪ್ರತಿಜೀವಕ ಔಷಧಗಳಿರಲಿಲ್ಲ. ಉಳಿದುಹೋದ ಒಂದು ಚೂರು, ಅದರೊಡನೆ ಒಳಹೊಕ್ಕ ಬಟ್ಟೆಯ ತುಣುಕು ಗಾಯವನ್ನು ಕೊಳೆಸಿ ಕಾಲನ್ನೋ ಪ್ರಾಣವನ್ನೋ ಕಸಿಯುತ್ತಿತ್ತು. ಕ್ಷ-ಕಿರಣ ಯಂತ್ರಗಳು ನಗರಗಳ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇದ್ದವು. ಗಾಯಾಳುಗಳು ಇದ್ದದ್ದು ವಿದ್ಯುತ್ತೇ ಇಲ್ಲದ ಹಳ್ಳಿಗಳ ಶಾಲೆ, ಚರ್ಚು, ಡೇರೆಗಳಲ್ಲಿ.

ಮೇರಿ ಕಂಡುಕೊಂಡ ಪರಿಹಾರ ಯಂತ್ರವನ್ನೇ ಗಾಯಾಳುವಿನ ಬಳಿಗೆ ಒಯ್ಯುವುದು. ಮೋಟಾರು ವಾಹನವೊಂದರಲ್ಲಿ ಡೈನಮೊ ಅಳವಡಿಸಿ, ವಾಹನದ ಎಂಜಿನ್ನಿನಿಂದಲೇ ಅದನ್ನು ತಿರುಗಿಸಿ ವಿದ್ಯುತ್ ಪಡೆಯಲಾಯಿತು. ಕಿರಣಕೊಳವೆ, ಅದನ್ನು ಬೇಕಾದಂತೆ ಸರಿಸಬಲ್ಲ ಕಂಬ, ಮಡಚುವ ಮೇಜು, ಛಾಯಾಚಿತ್ರದ ಗಾಜಿನ ಫಲಕಗಳು, ಹೊಳೆಯುವ ಪರದೆ, ಕೋಣೆಯನ್ನು ಕತ್ತಲು ಮಾಡಲು ಕಪ್ಪು ಬಟ್ಟೆ, ಉದ್ದನೆಯ ತಂತಿಯ ಸುರುಳಿ ಎಲ್ಲವೂ ಅದರಲ್ಲಿ ಅಡಕವಾಗಿದ್ದವು. ತಂಡ ಸ್ಥಳ ತಲುಪಿದ ಅರ್ಧ ಗಂಟೆಯಷ್ಟರಲ್ಲಿ ತಪಾಸಣೆ ಆರಂಭಿಸಬಹುದಾಗಿತ್ತು. ಮೊದಲ ವಾಹನ ಸೆಪ್ಟೆಂಬರ್ ೧೯೧೪ರ ಮಾರ್ನ್ ಕದನದ ಗಾಯಾಳುಗಳಿಗೆ ಒದಗಿತು. ಸೈನಿಕರು ಇವನ್ನು ಪುಟ್ಟ ಕ್ಯೂರಿಗಳೆಂದು ಕರೆದರು. ಸೈನ್ಯದ ಕಚೇರಿಗಳು ಅನುಮತಿ ನೀಡಲು ಹಿಂದೆಮುಂದೆ ನೋಡಿದಾಗ ಮೇರಿ ಪಟ್ಟುಹಿಡಿದು ಕೂತರು. ಪರಿಚಯದ ಸಿರಿವಂತ ಮಹಿಳೆಯರಿಂದ ಕಾರುಗಳನ್ನು, ತಯಾರಕರಿಂದ ಉಪಕರಣಗಳನ್ನು ಕೇಳಿ ಪಡೆದರು. ಹೀಗೆ ಸುಮಾರು ೨೦ ವಾಹನಗಳೂ ಆಸ್ಪತ್ರೆಗಳಲ್ಲಿ ಸುಮಾರು ೨೦೦ ಸ್ಥಿರ ಕೇಂದ್ರಗಳೂ ಸಜ್ಜಾದವು. ಈ ಸೇವೆಯಿಂದ ತಪಾಸಣೆಗೊಳಗಾದ ಸೈನಿಕರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತೆಂದು ಅಂದಾಜಿಸಲಾಗಿದೆ.

ಎರಡು ನೊಬೆಲ್ ಪಡೆದ ಪ್ರಾಧ್ಯಾಪಕಿ ನಲವತ್ತೇಳರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದರು ಎಂಬುದು ಗಮನಿಸಬೇಕಾದ ಸಂಗತಿ. ಕ್ಷ-ಕಿರಣಗಳ ಸಿದ್ಧಾಂತ ಅವರಿಗೆ ತಿಳಿದಿತ್ತು. ಆದರೆ ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ಚಿತ್ರ ತೆಗೆದ ಅನುಭವ ಇರಲಿಲ್ಲ. ವೈದ್ಯರೊಬ್ಬರ ಬಳಿ ಅದನ್ನು ಕಲಿತರು. ಅಂಗರಚನಾಶಾಸ್ತ್ರ ಓದಿದರು. ಕಾರು ಓಡಿಸಲು, ಟಯರು ಬದಲಿಸಲು, ಎಂಜಿನ್ನಿನ ಸಣ್ಣಪುಟ್ಟ ರಿಪೇರಿ ಮಾಡಲು ಕಲಿತು ೧೯೧೬ರಲ್ಲಿ ಚಾಲನಾ ಪರವಾನಗಿಯನ್ನೂ ಪಡೆದರು. ಒಮ್ಮೆ ಅವರಿದ್ದ ವಾಹನ ಹಳ್ಳಕ್ಕೆ ಮಗುಚಿಬಿದ್ದು, ಪೆಟ್ಟಿಗೆಗಳ ಅಡಿಯಲ್ಲಿ ಸಿಲುಕಿ ಗಾಯಗೊಂಡರೂ ಆ ಸುದ್ದಿಯನ್ನು ಮನೆಯವರಿಗೆ ತಿಳಿಸಲಿಲ್ಲ.

ತರಬೇತಿ

ವಾಹನಗಳೇನೋ ಸಿದ್ಧವಾದವು, ಅವನ್ನು ನಡೆಸುವವರು ಸಾಲದಾದರು. ಅಂದಿನ ಕಿರಣಕೊಳವೆಗಳು ಇಂದಿನ ಯಂತ್ರಗಳಂತೆ ಗುಂಡಿ ಒತ್ತಿದೊಡನೆ ಒಂದೇ ಹದದಲ್ಲಿ ಕೆಲಸ ಮಾಡುವಂಥವಲ್ಲ. ಹೆಚ್ಚಿನವು ಅಲ್ಪಪ್ರಮಾಣದ ಅನಿಲ ಉಳಿದಿರುವ ಗಾಜಿನ ಬುರುಡೆಗಳು. ಬಳಸಿದಂತೆಲ್ಲ ಒಳಗಿನ ಅನಿಲ ಬದಲಾಗಿ ಕಿರಣದ ತೀಕ್ಷ್ಣತೆಯೂ ಬದಲಾಗುತ್ತಿತ್ತು. ಒಂದೊಂದು ಬುರುಡೆಯ ಸ್ವಭಾವವನ್ನೂ ಕಣ್ಣಿನಿಂದ, ಕೈಯಿಂದ ಅರಿಯಬೇಕಾಗಿತ್ತು. ಹೆಚ್ಚು ಸ್ಥಿರವಾಗಿ ಕೆಲಸ ಮಾಡುವ ಕೂಲಿಡ್ಜ್ ಕೊಳವೆ ೧೯೧೩ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿದ್ದರೂ ಯುದ್ಧ ನಡೆಯುತ್ತಿದ್ದಂತೆ ನಿಧಾನವಾಗಿ ಬಳಕೆಗೆ ಬಂದಿತು.

ಮೇರಿಯ ಮೊದಲ ಶಿಷ್ಯೆ ಮಗಳು ಐರೀನ್. ೧೯೧೪ರ ನವೆಂಬರ್‌ನಲ್ಲಿ ಕ್ರೆಯಿ ಎಂಬ ಊರಿನ ಆಸ್ಪತ್ರೆಗೆ ಹೊರಟ ವಾಹನದಲ್ಲಿ ತಾಯಿಯ ಜೊತೆಗಿದ್ದಾಗ ಆಕೆಗೆ ಹದಿನೇಳು ವರ್ಷ. ಕೆಲವೇ ತಿಂಗಳುಗಳಲ್ಲಿ ತಾಯಿ ಆಕೆಯನ್ನು ಬೆಲ್ಜಿಯಂ ಗಡಿಯ ಆಸ್ಪತ್ರೆಗಳಿಗೆ ಒಬ್ಬಳನ್ನೇ ಕಳುಹಿಸತೊಡಗಿದರು. ದೇಹದಲ್ಲಿ ಹುದುಗಿದ ಲೋಹದ ಚೂರು ಎಷ್ಟು ಆಳದಲ್ಲಿದೆಯೆಂದು ಶಸ್ತ್ರವೈದ್ಯರಿಗೆ ಹೇಳುವುದು ಆಕೆಯ ಕೆಲಸ. ವಯಸ್ಸಿನಲ್ಲಿ ಎರಡರಷ್ಟಿದ್ದ ಸೇನಾವೈದ್ಯರ ಮುಂದೆ ಹುಡುಗಿಯ ಮಾತಿಗೆ ಬೆಲೆ ತಂದುಕೊಟ್ಟದ್ದು ಲೆಕ್ಕಾಚಾರ.

ಆ ಲೆಕ್ಕಾಚಾರ ಪ್ರೌಢಶಾಲೆಯ ಸಮರೂಪ ತ್ರಿಭುಜಗಳ ಪಾಠವೇ ಆಗಿದೆ. ಒಂದು ಚಿತ್ರ ಚೂರು ಎಲ್ಲಿದೆಯೆಂದು ತೋರಿಸುತ್ತದೆಯೇ ಹೊರತು ಆಳವನ್ನು ಹೇಳುವುದಿಲ್ಲ. ಆದ್ದರಿಂದ ಗಾಯಾಳುವನ್ನು ಅಲುಗಾಡಿಸದೆ ಕೊಳವೆಯನ್ನು ಗೊತ್ತಾದ ದೂರ ಪಕ್ಕಕ್ಕೆ ಸರಿಸಿ ಎರಡನೆಯ ಚಿತ್ರ ತೆಗೆಯಬೇಕು. ಚೂರಿನ ನೆರಳು ಎಷ್ಟು ಸರಿಯಿತೆಂಬುದನ್ನು ಅಳೆದರೆ ಆಳ ದೊರೆಯುತ್ತದೆ. ಉದಾಹರಣೆಗೆ, ಕೊಳವೆ ಫಲಕದಿಂದ ೬೦ ಸೆಂ.ಮೀ. ಎತ್ತರದಲ್ಲಿದ್ದು, ಅದನ್ನು ೧೦ ಸೆಂ.ಮೀ. ಸರಿಸಿದಾಗ ನೆರಳು ೨ ಸೆಂ.ಮೀ. ಸರಿದರೆ, ೬೦ನ್ನು ೨ರಿಂದ ಗುಣಿಸಿ ೧೨ರಿಂದ (೧೦ ಮತ್ತು ೨ರ ಮೊತ್ತ) ಭಾಗಿಸಬೇಕು. ಚೂರು ಫಲಕದಿಂದ ೧೦ ಸೆಂ.ಮೀ. ಮೇಲಿದೆ. ಕಾಗದದ ಮೇಲೆ ಇದು ಸುಲಭ. ನೋವಿನಿಂದ ನರಳುವ ಮನುಷ್ಯನನ್ನು ಅಲುಗದಂತೆ ಮಲಗಿಸಿ, ಅರೆಗತ್ತಲಿನಲ್ಲಿ ಕೊಳವೆಯನ್ನು ಅಳತೆಗೆ ಸರಿಯಾಗಿ ಸರಿಸುವುದು ಸುಲಭವಲ್ಲ. ಪುಸ್ತಕ ಓದಿಸಿ ಇದನ್ನು ಕಲಿಸಲಾಗದೆಂದು ಮೇರಿ ತಮ್ಮ ಅನುಭವದಿಂದಲೇ ತಿಳಿದಿದ್ದರು.

೧೯೧೬ರ ಶರತ್ಕಾಲದಲ್ಲಿ ಮಹಿಳೆಯರಿಗಾಗಿ ಕ್ಷ-ಕಿರಣ ತರಬೇತಿಯನ್ನು ಆರಂಭಿಸಿದರು. ಜರ್ಮನ್ ಸೈನ್ಯ ೧೯೧೫ರಲ್ಲಿ ಗುಂಡಿಕ್ಕಿ ಕೊಂದ ಬ್ರಿಟಿಷ್ ದಾದಿ ಎಡಿತ್ ಕ್ಯಾವೆಲ್ ಅವರ ಹೆಸರಿನಲ್ಲಿ ಪ್ಯಾರಿಸ್ಸಿನಲ್ಲಿ ತೆರೆದಿದ್ದ ದಾದಿಯರ ಶಾಲೆಯೊಡನೆ ಇದು ಸೇರಿಕೊಂಡಿತ್ತು. ಪಾಠಗಳು ರೇಡಿಯಂ ಸಂಸ್ಥೆಯಲ್ಲೂ ನಡೆದವು. ಐರೀನ್ ಮತ್ತು ಮಾರ್ಥ್ ಕ್ಲೈನ್ ಎಂಬ ಸಹೋದ್ಯೋಗಿ ಬೋಧನೆಯಲ್ಲಿ ನೆರವಾದರು. ಕಲಿಯಲು ಬಂದವರಲ್ಲಿ ದಾದಿಯರೂ ವಿದ್ಯಾವಂತ ಗೃಹಿಣಿಯರೂ ಇದ್ದರು, ಹೆಚ್ಚು ಶಾಲೆ ಕಾಣದವರೂ ಇದ್ದರು. ವಿದ್ಯುತ್ ಮತ್ತು ಕ್ಷ-ಕಿರಣಗಳ ಮೂಲತತ್ತ್ವ, ಅಂಗರಚನೆ, ಇವೆರಡಕ್ಕಿಂತ ಹೆಚ್ಚಾಗಿ ಪ್ರಾಯೋಗಿಕ ಕೆಲಸ ಎಂದು ಪಾಠಕ್ರಮ ರೂಪಿಸಲಾಗಿತ್ತು. ಉಪಕರಣವನ್ನು ಬಿಚ್ಚಿ ಜೋಡಿಸುವುದು, ದೋಷ ಹುಡುಕುವುದು, ರೋಗಿಯನ್ನು ಸರಿಯಾದ ಭಂಗಿಯಲ್ಲಿ ಮಲಗಿಸುವುದು, ಫಲಕಗಳನ್ನು ತೊಳೆದು ಚಿತ್ರ ಮೂಡಿಸುವುದು, ಆಳ ಲೆಕ್ಕಹಾಕುವುದು ಎಲ್ಲವನ್ನೂ ಮಾಡಿ ಕಲಿಯಬೇಕಾಗಿತ್ತು. ಇಷ್ಟಕ್ಕೆ ದೊರೆತ ಕಾಲ ಕೆಲವೇ ವಾರಗಳು. ಅನಂತರ ಅವರನ್ನು ಸೇನಾ ಆಸ್ಪತ್ರೆಗಳಿಗೆ ಕಳುಹಿಸಲಾಗುತ್ತಿತ್ತು.

ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ತಯಾರಾದವರು ಸುಮಾರು ೧೫೦ ಮಂದಿ. ೧೯೧೯ರಲ್ಲಿ ಸ್ವದೇಶಕ್ಕೆ ಮರಳಲು ಹಡಗು ಕಾಯುತ್ತಿದ್ದ ಅಮೆರಿಕನ್ ಸೈನಿಕರಲ್ಲಿ ಕೆಲವರು ಸಹ ರೇಡಿಯಂ ಸಂಸ್ಥೆಯಲ್ಲಿ ತರಬೇತಿ ಪಡೆದರು. ಈ ಅನುಭವವನ್ನೆಲ್ಲ ಮೇರಿ ೧೯೨೧ರಲ್ಲಿ ಯುದ್ಧ ಮತ್ತು ವಿಕಿರಣಶಾಸ್ತ್ರವನ್ನು ಕುರಿತ ಪುಸ್ತಕವಾಗಿ ಪ್ರಕಟಿಸಿದರು. ತಮ್ಮ ಪಾತ್ರದ ಬಗ್ಗೆ ಅದರಲ್ಲಿ ಏನನ್ನೂ ಹೇಳಿಕೊಂಡಿಲ್ಲವೆಂದರೂ ಸರಿಯೇ.

ಯಂತ್ರ ನಡೆಸುವವರು ವೈದ್ಯರೇ ಆಗಿರಬೇಕಿಲ್ಲ, ಆದರೆ ಕ್ರಮವಾಗಿ ಕಲಿತವರಾಗಿರಬೇಕು ಎಂಬುದು ಆ ಕಾಲಕ್ಕೆ ಹೊಸ ವಿಚಾರ. ಇಂಗ್ಲೆಂಡಿನಲ್ಲಿಯೂ ಯುದ್ಧಾನಂತರ, ೧೯೨೦ರಲ್ಲಿ, ರೇಡಿಯೋಗ್ರಾಫರುಗಳ ಸಂಘ ಸ್ಥಾಪನೆಯಾಗಿ ಈ ವೃತ್ತಿಗೆ ಪರೀಕ್ಷೆ ಹಾಗೂ ಪ್ರಮಾಣಪತ್ರಗಳ ಚೌಕಟ್ಟು ಬಂದಿತು. ಇಂದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಇಮೇಜಿಂಗ್ ತಂತ್ರಜ್ಞಾನದ ಬಿ.ಎಸ್‌ಸಿ. ಓದುವವರು ಮೂರು ವರ್ಷಗಳ ಪಾಠದ ಅನಂತರ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕಾಗುತ್ತದೆ. ಮೇರಿಯ ಶಿಷ್ಯೆಯರಿಗೆ ಅಂತಹ ಕಾಲಾವಕಾಶವಿರಲಿಲ್ಲ. ಅವರು ಕಲಿತದ್ದನ್ನು ಪರೀಕ್ಷಿಸಿದ್ದು ರಣರಂಗ.

ವಿಕಿರಣದ ಅಪಾಯ

ಈ ತರಬೇತಿಯ ದೊಡ್ಡ ಕೊರತೆಯನ್ನೂ ಹೇಳಬೇಕು. ಕ್ಷ-ಕಿರಣಗಳು ಚರ್ಮವನ್ನು ಸುಡುತ್ತವೆ, ಹುಣ್ಣು ಮಾಡುತ್ತವೆ, ಕ್ಯಾನ್ಸರ್ ತರಬಲ್ಲವು ಎಂಬುದು ಯುದ್ಧಕ್ಕೆ ಮೊದಲೇ ತಿಳಿದಿತ್ತು. ಸೀಸ ಬೆರೆತ ಕೈಗವಸು, ಮೇಲಂಗಿ, ತಡೆಗಳ ಬಳಕೆಯೂ ಇತ್ತು. ಆದರೆ ದಿನವಿಡೀ ಸಾಲುಗಟ್ಟಿ ಬರುತ್ತಿದ್ದ ಗಾಯಾಳುಗಳ ನಡುವೆ, ಪರದೆಯ ಮೇಲೆ ನೆರಳು ನೋಡುತ್ತಾ ಶಸ್ತ್ರವೈದ್ಯರಿಗೆ ದಾರಿ ತೋರಿಸುವಾಗ, ಕಿರಣದ ಹಾದಿಯಿಂದ ದೂರವಿರುವುದು ಆಗದ ಮಾತು. ಸ್ವಲ್ಪ ಸ್ವಲ್ಪವಾಗಿ ದೇಹ ಸೇರುವ ವಿಕಿರಣ ವರ್ಷಗಳ ಅನಂತರ ಮಾಡುವ ಹಾನಿಯ ಅರಿವು ಅಂದು ಪೂರ್ಣವಾಗಿರಲಿಲ್ಲ. ಪ್ರಯೋಗಾಲಯದಲ್ಲಿ ರೇಡಿಯಂ ವಿಷಯದಲ್ಲಿಯೂ ಮೇರಿ ತಮ್ಮ ಮಟ್ಟಿಗೆ ಎಚ್ಚರಿಕೆ ವಹಿಸಲಿಲ್ಲ. ಬೆರಳ ತುದಿಗಳು ಒರಟಾಗಿ ಬಿರುಕುಬಿಟ್ಟಿದ್ದವು. ೧೯೨೦ರ ದಶಕದಲ್ಲಿ ಕಣ್ಣಿಗೆ ಪೊರೆ ಬಂದು ಹಲವು ಬಾರಿ ಶಸ್ತ್ರಚಿಕಿತ್ಸೆಯಾಯಿತು. ತಮ್ಮ ಅನಾರೋಗ್ಯಕ್ಕೆ ಪ್ರಿಯವಾದ ರೇಡಿಯಂ ಕಾರಣವಿರಬಹುದೆಂದು ಒಪ್ಪಿಕೊಳ್ಳಲು ಅವರಿಗೆ ಕಷ್ಟವಾಗಿತ್ತು.

ವೃತ್ತಿಯಲ್ಲಿದ್ದವರ ರಕ್ಷಣೆಗೆ ಅಂತರರಾಷ್ಟ್ರೀಯ ಸಮಿತಿಯೊಂದು ರೂಪುಗೊಂಡದ್ದು ೧೯೨೮ರಲ್ಲಿ. ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ೧೯೩೬ರಲ್ಲಿ, ಕ್ಷ-ಕಿರಣ ಮತ್ತು ರೇಡಿಯಂ ಕೆಲಸದಿಂದ ಪ್ರಾಣ ಕಳೆದುಕೊಂಡ ವೈದ್ಯರು, ತಂತ್ರಜ್ಞರು, ದಾದಿಯರ ಸ್ಮಾರಕವನ್ನು ನಿಲ್ಲಿಸಿದಾಗ ಅದರಲ್ಲಿ ೧೬೯ ಹೆಸರುಗಳಿದ್ದವು. ಮುಂದೆ ಆ ಪಟ್ಟಿ ಬೆಳೆಯುತ್ತಾ ಹೋಯಿತು.

ಕೊನೆಯ ವರ್ಷಗಳು

ಯುದ್ಧದ ಅನಂತರ ರೇಡಿಯಂ ಸಂಸ್ಥೆಯನ್ನು ಕಟ್ಟುವುದೇ ಇವರ ಮುಖ್ಯ ಕೆಲಸವಾಯಿತು. ನೊಬೆಲ್ ಹಣದ ಬಹುಪಾಲನ್ನು ಯುದ್ಧಸಾಲದ ಪತ್ರಗಳಲ್ಲಿ ತೊಡಗಿಸಿ ಕಳೆದುಕೊಂಡಿದ್ದರು. ರೇಡಿಯಂ ಕಂಡುಹಿಡಿದವರಿಗೇ ಸಂಶೋಧನೆಗೆ ಸಾಕಷ್ಟು ರೇಡಿಯಂ ಇಲ್ಲವೆಂದು ತಿಳಿದ ಅಮೆರಿಕದ ಮಹಿಳೆಯರು ಒಂದು ಲಕ್ಷ ಡಾಲರ್ ಸಂಗ್ರಹಿಸಿದರು. ೧೯೨೧ರ ಮೇ ತಿಂಗಳಲ್ಲಿ ಅಧ್ಯಕ್ಷ ಹಾರ್ಡಿಂಗ್ ಅವರಿಂದ ಒಂದು ಗ್ರಾಂ ರೇಡಿಯಂ ಸ್ವೀಕರಿಸಿದರು. ೧೯೨೯ರಲ್ಲಿ ಎರಡನೆಯ ಬಾರಿ ಅಮೆರಿಕಕ್ಕೆ ಹೋಗಿ, ಆಗ ದೊರೆತ ನೆರವನ್ನು ವಾರ್ಸಾದ ರೇಡಿಯಂ ಸಂಸ್ಥೆಗೆ ನೀಡಿದರು. ಭಾರತದ ಸತ್ಯೇಂದ್ರನಾಥ ಬೋಸ್ ಯೂರೋಪಿನಲ್ಲಿದ್ದಾಗ ಕೆಲಕಾಲ ಇವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

೧೯೩೪ರ ಜುಲೈ ೪ರಂದು ಫ್ರಾನ್ಸಿನ ಆಲ್ಪ್ಸ್ ಪ್ರದೇಶದ ಆರೋಗ್ಯಧಾಮವೊಂದರಲ್ಲಿ ಮೇರಿ ನಿಧನರಾದರು. ಮೂಳೆಮಜ್ಜೆ ರಕ್ತಕಣಗಳನ್ನು ತಯಾರಿಸುವ ಶಕ್ತಿ ಕಳೆದುಕೊಳ್ಳುವ ಅಪ್ಲಾಸ್ಟಿಕ್ ಅನೀಮಿಯಾ ಅವರ ಕಾಯಿಲೆಯಾಗಿತ್ತು. ಐರೀನ್ ಮತ್ತು ಅಳಿಯ ಫ್ರೆಡರಿಕ್ ಜೋಲಿಯೋ ೧೯೩೫ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದದ್ದನ್ನು ನೋಡಲು ಅವರಿರಲಿಲ್ಲ. ಹದಿಹರೆಯದಿಂದಲೇ ಕಿರಣಗಳ ನಡುವೆ ದುಡಿದ ಐರೀನ್ ೧೯೫೬ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಸ್ಮರಣೆ

೯೬ನೆಯ ಮೂಲವಸ್ತುವಿಗೆ ಕ್ಯೂರಿ ದಂಪತಿಗಳ ಗೌರವಾರ್ಥ ಕ್ಯೂರಿಯಂ ಎಂದು ಹೆಸರಿಡಲಾಗಿದೆ. ಇವರ ಸಂಶೋಧನಾ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತಿರುವುದರಿಂದ ಅವುಗಳನ್ನು ಸೀಸದ ಪೆಟ್ಟಿಗೆಗಳಲ್ಲಿ ಇರಿಸಲಾಗಿದೆ. ಭಾರತದಲ್ಲಿ ಇವರ ಜನ್ಮದಿನವಾದ ನವೆಂಬರ್ ೭ನ್ನು ೨೦೧೪ರಿಂದ ರಾಷ್ಟ್ರೀಯ ಕ್ಯಾನ್ಸರ್ ಜಾಗೃತಿ ದಿನವನ್ನಾಗಿ ಆಚರಿಸಲಾಗುತ್ತಿದೆ.

೧೯೯೫ರಲ್ಲಿ ಮೇರಿ ಮತ್ತು ಪಿಯರ್ ಅವರ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಸ್ಥಳಾಂತರಿಸಲಾಯಿತು. ಸ್ವಂತ ಸಾಧನೆಗಾಗಿ ಅಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಮೇರಿ. ಸಮಾಧಿ ತೆರೆದಾಗ ವಿಕಿರಣ ರಕ್ಷಣಾ ತಜ್ಞರು ಅಳತೆ ಮಾಡಿ ನೋಡಿದರು. ಮಾರಕವೆನ್ನುವಷ್ಟು ರೇಡಿಯಂ ಅಲ್ಲಿರಲಿಲ್ಲ. ರೇಡಿಯಂನ ಅರ್ಧಾಯುಷ್ಯ ಸುಮಾರು ೧,೬೦೦ ವರ್ಷಗಳಾದ್ದರಿಂದ ಅರುವತ್ತು ವರ್ಷಗಳಲ್ಲಿ ಅದು ಕರಗಿಹೋಗಿರುವ ಸಾಧ್ಯತೆಯೂ ಇಲ್ಲ. ಹೀಗಾಗಿ ಅವರ ಕಾಯಿಲೆಗೆ ರೇಡಿಯಂಗಿಂತ ಯುದ್ಧಕಾಲದಲ್ಲಿ ಕ್ಷ-ಕಿರಣ ಯಂತ್ರಗಳ ಬಳಿ ಕಳೆದ ವರ್ಷಗಳೇ ಹೆಚ್ಚು ಕಾರಣವಾಗಿರಬಹುದೆಂದು ಆ ತಜ್ಞರು ಅಭಿಪ್ರಾಯಪಟ್ಟರು.